ಭಾನುವಾರದ ಪದ ‘ಅಫ್ರೇ’: ಶಾರದಾ ಮೇಡಂ ಅವರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರ ಜಗಳದ ಇಂಗ್ಲಿಷ್ ಪದಗಳು. ಪೊಲೀಸ್ ಕಾಗದದಲ್ಲಿ, ಇಂಗ್ಲಿಷ್ ಪೇಪರಿನ ಕ್ರೈಂ ಸುದ್ದಿಯಲ್ಲಿ ಬರುವ ‘ಅಫ್ರೇ’ ಮುಖ್ಯ ಪದ. ಫೈಟ್, ವಾರ್ ಬಗ್ಗೆಯೂ ಕೇಳಬಹುದು. ಉತ್ತರ ಕೊಡುವವರು ಶಾರದಾ ಮೇಡಂ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ಆಮೇಲೆ ನಿಘಂಟಿನ ಕೆಲಸ ಮಾಡಿದವರು. ನಾಲ್ಕರಿಂದ ಆರರವರೆಗೆ ಇರ್ತಾರೆ. ಫಾರ್ವರ್ಡ್ ಹಾಕಬೇಡಿ ಪ್ಲೀಸ್.

ಮಂಜುನಾಥ್: ಮೇಡಂ, ಅಫ್ರೇಗೂ ಅಫ್ರೇಡ್‌ಗೂ ಸಂಬಂಧ ಇದೆಯಾ? ಒಂದು ಹೊಡೆದಾಟ, ಇನ್ನೊಂದು ಹೆದರಿಕೆ.

ಶಾರದಾ ಮೇಡಂ: ಇದೆ, ಎರಡೂ ಒಂದೇ ಪದ. ‘ಅಫ್ರೇ’ ಮೊದಲು ಕ್ರಿಯಾಪದವೂ ಆಗಿತ್ತು, ಹೆದರಿಸು ಅಂತ ಅರ್ಥ. ‘ಅಫ್ರೇಡ್’ ಅದರ ಭೂತಕೃದಂತ, ಅಂದರೆ ಹೆದರಿಸಲ್ಪಟ್ಟವನು. ಮೂಲ ಕ್ರಿಯಾಪದ ಬಳಕೆ ತಪ್ಪಿಹೋಯಿತು, ಅದರ ಕೂಸು ಮಾತ್ರ ಮನೆಮನೆಯಲ್ಲಿ ಉಳಿಯಿತು. ಫ್ರೆಂಚಿನಲ್ಲಿ ಇವತ್ತಿಗೂ ‘ಎಫ್ರೇಯೆ’ ಅಂದರೆ ಹೆದರಿಸು.

ದೀಪಾ (ಹಾಸನ): ನನ್ನ ಮಗಳು ಆರನೇ ಕ್ಲಾಸು. ಫೈಟ್‌ನಲ್ಲಿ ಜಿಎಚ್ ಯಾಕೆ ಅಂತ ಪ್ರಾಣ ತಿಂತಾಳೆ.

ಶಾರದಾ ಮೇಡಂ: ಜಾಣೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ಫೆಯೊಹ್ತನ್’, ಗಂಟಲಿನಿಂದ ಹೊರಡುವ ಒಂದು ಹಕಾರ ಇತ್ತು. ಜರ್ಮನ್ನಿನ ‘ಫೆಖ್ಟೆನ್’ನಲ್ಲಿ ಈಗಲೂ ಕೇಳಿಸುತ್ತೆ, ಅಲ್ಲಿ ಅದು ಕತ್ತಿವರಸೆಗೆ ಹೆಸರು. ಇಂಗ್ಲಿಷಿನವರ ಬಾಯಿಂದ ಆ ಸದ್ದು ಹೋಯಿತು, ಅಕ್ಷರ ಉಳಿಯಿತು. ಹೋದವರ ಫೋಟೊ ಗೋಡೆ ಮೇಲೆ ಇರುತ್ತಲ್ಲ, ಹಾಗೆ ಅಂತ ಮಗಳಿಗೆ ಹೇಳಿ. ಇನ್ನೂ ಹಿಂದಕ್ಕೆ ಹೋದರೆ ಉಣ್ಣೆ, ಕೂದಲು ಕೀಳು ಅನ್ನುವ ಧಾತುವಿನಿಂದ ಬಂದಿರಬಹುದು ಅಂತ ವಿದ್ವಾಂಸರ ಊಹೆ, ಊಹೆ ಅಷ್ಟೆ. ನಮ್ಮ ‘ಕಿತ್ತಾಟ’ ನೆನಪಾಗದೆ ಇರಲ್ಲ. ಜುಟ್ಟು ಹಿಡಿದರೆ ಎಲ್ಲ ಭಾಷೆಯವರೂ ಒಂದೇ.

ನಾಗಭೂಷಣ್: ಫಾರ್ವರ್ಡ್ ಅಲ್ಲ, ಮಾಹಿತಿ: “ಕನ್ನಡಿಗರೇ ಎದ್ದೇಳಿ! ಇಂಗ್ಲಿಷಿನ ಫೈಟ್ ನಮ್ಮ ಪೈಪೋಟಿಯಿಂದ ಬಂದದ್ದು!! ಬ್ರಿಟಿಷರು ಕದ್ದ 500 ಪದಗಳು. 10 ಜನಕ್ಕೆ ಕಳಿಸಿ.”

ಶಾರದಾ ಮೇಡಂ: ಬ್ರಿಟಿಷರು ಹಡಗು ಹತ್ತುವುದಕ್ಕೆ ಎಷ್ಟೋ ಶತಮಾನ ಮುಂಚೆಯೇ ಅವರ ಊರಲ್ಲಿ ಫೈಟ್ ಇತ್ತು. ಹತ್ತು ಜನಕ್ಕೆ ಕಳಿಸಬೇಡಿ, ಒಬ್ಬರಿಗೂ ಕಳಿಸಬೇಡಿ.

ಪ್ರವೀಣ್ (ಹುಬ್ಬಳ್ಳಿ): ಹಂಗಾರ ವಾರ್ ಮತ್ತ ನಮ್ಮ ಹಳಗನ್ನಡದ ಪೋರ್, ಇವೆರಡು ಒಂದ ಏನ್ರಿ ಮೇಡಂ? ಸದ್ದು ಹತ್ರ ಐತಿ.

ಶಾರದಾ ಮೇಡಂ: ಸದ್ದು ಮಾತ್ರ ಹತ್ತಿರ. ಪೋರ್ ದ್ರಾವಿಡ ಪದ. ತಮಿಳಲ್ಲಿ ಪೋರ್, ತೆಲುಗಲ್ಲಿ ಪೋರು. ನಮ್ಮಲ್ಲಿ ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ಪೋರು ಹೋರು ಆಯಿತು, ‘ಹೋರಾಟ’ ಅದರಿಂದ. ವಾರ್ ಬಂದದ್ದು ಜರ್ಮ್ಯಾನಿಕ್ ‘ವೆರ್ರ’ದಿಂದ, ಗಲಿಬಿಲಿ ಅಂತ ಅರ್ಥ. ಅದೇ ಪದ ಫ್ರೆಂಚಿನಲ್ಲಿ ‘ಗೇರ್’, ಸ್ಪ್ಯಾನಿಷಿನಲ್ಲಿ ‘ಗೆರ್ರಾ’. ಪುಟ್ಟ ಗೆರ್ರಾ ‘ಗೆರಿಲ್ಲಾ’. ಮರದ ಮೇಲಿನ ಗೊರಿಲ್ಲಾ ಬೇರೆ, ಅದನ್ನು ಯಾರೂ ಕೇಳಬೇಡಿ.

ಶ್ರೀದೇವಿ (ತಿಪಟೂರು): ಮೇಡಂ, ನಮ್ಮದು ಸ್ವಲ್ಪ ಅರ್ಜೆಂಟು. ಹಿಟ್ಟಿನ ಗಿರಣಿ ಮುಂದೆ ಸ್ಕೂಟರ್ ನಿಲ್ಲಿಸಿದ್ದಕ್ಕೆ ನಮ್ಮ ಚಿಕ್ಕಪ್ಪನಿಗೂ ಪಕ್ಕದ ಬೀದಿಯವರಿಗೂ ಜಗಳ ಆಗಿ, ಇಬ್ಬರ ಮೇಲೂ ಕೇಸಾಗಿದೆ. ವಕೀಲರ ಕಡೆಯಿಂದ ಒಂದು ಇಂಗ್ಲಿಷ್ ಕಾಗದ ಬಂತು. ನನ್ನ ತಮ್ಮ ಅದನ್ನು ಫೋನಿನಲ್ಲಿ ಕನ್ನಡ ಮಾಡಿಸಿದ. “ಆರೋಪಿಗಳಿಬ್ಬರೂ ಸಾರ್ವಜನಿಕ ಸ್ಥಳದಲ್ಲಿ ಭಯಭೀತರಾದರು” ಅಂತ ಬಂದಿದೆ. ಚಿಕ್ಕಪ್ಪ ಕೆಂಡವಾಗಿದ್ದಾರೆ. “ನಾನು ಅವನಿಗೆ ಹೆದರಿದ್ನಾ? ಯಾವನು ಬರೆದಿದ್ದು?” ಅಂತ ಕನ್ನಡದಲ್ಲೇ ಒಂದು ತಕರಾರು ಬರೆದು ಸಹಿ ಹಾಕಿ ನಾಳೆ ಕೊಟ್ಟು ಬರ್ತೀನಿ ಅಂತ ಕೂತಿದ್ದಾರೆ. ಮೂಲದಲ್ಲಿ ಇರೋದು ‘ಕಮಿಟೆಡ್ ಅಫ್ರೇ’.

ಶಾರದಾ ಮೇಡಂ: ಶ್ರೀದೇವಿ, ಮೊದಲು ಚಿಕ್ಕಪ್ಪನ ಕೈಯಿಂದ ಪೆನ್ನು ತಗೊಳ್ಳಿ. ಆ ಕನ್ನಡ ಹಾಳೆಗೆ ಉತ್ತರ ಬರೆಯುವುದೂ ಬೇಡ, ಸಹಿ ಹಾಕುವುದೂ ಬೇಡ. ಮೂಲ ಕಾಗದ ಹಿಡಿದು ವಕೀಲರ ಹತ್ತಿರ ಹೋಗಿ. ನಾನು ಪದದ ಕೆಲಸದವಳು, ಕೇಸಿನ ಕೆಲಸ ಅವರದು.

ಈಗ ಪದ. ಯಂತ್ರ ಎಡವಿದ ಜಾಗ ಗೊತ್ತಾಗುತ್ತೆ. ಅಫ್ರೇಯನ್ನು ಅಫ್ರೇಡ್‌ನ ಪಕ್ಕ ಇಟ್ಟುಕೊಂಡು ಅನುವಾದಿಸಿದೆ. ಮೇಲೆ ಹೇಳಿದ ಹಾಗೆ ಎರಡೂ ಒಂದೇ ಗರ್ಭದವು, ಆದ್ದರಿಂದ ತಪ್ಪಿಗೂ ಒಂದು ವಂಶಾವಳಿ ಇದೆ. ಆದರೆ ಹೆದರಿದ್ದು ಯಾರು? ಬ್ಲ್ಯಾಕ್‌ಸ್ಟನ್ ಅಂತ ಇಂಗ್ಲೆಂಡಿನ ದೊಡ್ಡ ಕಾನೂನು ಪಂಡಿತ. 1769ರಲ್ಲಿ ಬಂದ ಅವನ ನಾಲ್ಕನೇ ಸಂಪುಟದಲ್ಲಿ ಅಫ್ರೇಗೆ ಕೊಟ್ಟ ಅರ್ಥ ಹೀಗಿದೆ: ಇಬ್ಬರೋ ಹೆಚ್ಚು ಜನರೋ ಸಾರ್ವಜನಿಕ ಜಾಗದಲ್ಲಿ ಹೊಡೆದಾಡಿ ರಾಜನ ಪ್ರಜೆಗಳಿಗೆ ದಿಗಿಲು ಹುಟ್ಟಿಸುವುದು. ಮರೆಯಲ್ಲಿ ಹೊಡೆದಾಡಿದರೆ ಅದು ಅಫ್ರೇ ಅಲ್ಲ ಅಂತಲೂ ಸೇರಿಸುತ್ತಾನೆ. ಅಂದರೆ ದಿಗಿಲು ಬಿದ್ದವರು ಹಿಟ್ಟಿನ ಡಬ್ಬ ಹಿಡಿದು ಸಾಲಿನಲ್ಲಿ ನಿಂತವರು, ನಿಮ್ಮ ಚಿಕ್ಕಪ್ಪ ಅಲ್ಲ. ಅವರ ಮಾನಕ್ಕೆ ಕುಂದಿಲ್ಲ ಅಂತ ತಿಳಿಸಿ.

ನಮ್ಮ ದಂಡ ಸಂಹಿತೆ 1860ರಲ್ಲಿ ಬಂದಾಗ ಆ ದಿಗಿಲನ್ನು ಬಿಟ್ಟಿತು. 159ನೇ ಕಲಮಿನಲ್ಲಿದ್ದದ್ದು: ಇಬ್ಬರು ಅಥವಾ ಹೆಚ್ಚು ಜನ ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಸಾರ್ವಜನಿಕ ಶಾಂತಿ ಕದಡಿದರೆ ಅಫ್ರೇ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 194. ನನಗೆ ರುಚಿ ಹತ್ತಿದ ಜಾಗ ಇದೇ. ಅಫ್ರೇಯ ಬೇರು ಹಿಡಿದು ಇಳಿದರೆ ಹಳೆಯ ಫ್ರೆಂಚಿನ ‘ಎಸ್‌ಫ್ರೆಯೆರ್’, ಅದರಡಿ ಆಡುಲ್ಯಾಟಿನ್ನಿನ ‘ಎಕ್ಸ್‌ಫ್ರಿದಾರೆ’ ಅಂತ ವಿದ್ವಾಂಸರು ಕಟ್ಟಿಕೊಂಡ ರೂಪ. ಎಕ್ಸ್ ಅಂದರೆ ಹೊರಗೆ. ಫ್ರಿದ್ ಲ್ಯಾಟಿನ್ ಅಲ್ಲ, ಜರ್ಮ್ಯಾನಿಕ್ಕಿನದು, ಶಾಂತಿ ಅಂತ. ಜರ್ಮನ್ನರು ಈಗಲೂ ಶಾಂತಿಗೆ ‘ಫ್ರೀಡ’ ಅಂತಾರೆ, ಫ್ರೆಡರಿಕ್ ಅನ್ನುವ ಹೆಸರಿನ ಮೊದಲರ್ಧವೂ ಅದೇ. ಶಾಂತಿಯಿಂದ ಹೊರಗೆ ತಳ್ಳು: ಇದು ಅಫ್ರೇ ಹುಟ್ಟಿದಾಗಿನ ಅರ್ಥ. ನಡುವೆ ಅದು ಹೆದರಿಕೆಯಾಗಿ, ಗದ್ದಲವಾಗಿ, ಹೊಡೆದಾಟವಾಗಿ, ಭಾರತದ ಕಾನೂನಿಗೆ ಬಂದಾಗ ಮತ್ತೆ ‘ಶಾಂತಿ ಕದಡು’ ಅಂತ ಹುಟ್ಟಿದ ಮನೆಗೇ ಬಂದು ನಿಂತಿದೆ. ಕರಡು ಬರೆದವರಿಗೆ ಆ ಬೇರು ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ.

ಕನ್ನಡಕ್ಕೆ ‘ಹೊಡೆದಾಟ’ ಸಾಕು. ನಮ್ಮ ‘ಆಡು’ ಬಹಳ ಲೆಕ್ಕಾಚಾರದ್ದು. ‘ಹೊಡೆದ’ ಅಂದರೆ ಒಬ್ಬನ ಕೈ ಎದ್ದಿದೆ, ‘ಹೊಡೆದಾಡಿದರು’ ಅಂದರೆ ಇಬ್ಬರದೂ ಎದ್ದಿದೆ. ಗುದ್ದಾಟ, ಬಡಿದಾಟ, ಕಚ್ಚಾಟ ಎಲ್ಲ ಹಾಗೇ. (ಒದ್ದಾಟ ಮಾತ್ರ ಮೋಸ, ಅದನ್ನು ಒಬ್ಬನೇ ಮಾಡಬಹುದು.) ಅಫ್ರೇಗೂ ಇಬ್ಬರೂ ಕೈ ಮಾಡಿರಬೇಕು. ಒಬ್ಬ ಹೊಡೆದು ಇನ್ನೊಬ್ಬ ತಿಂದರೆ ಅದು ಹಲ್ಲೆ. ‘ಭಯಭೀತರಾದರು’ ಅಳಿಸಿ ‘ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿ ಕದಡಿದರು’ ಅಂತ ಓದಿ ಹೇಳಿ.

ಶ್ರೀದೇವಿ (ತಿಪಟೂರು): ತುಂಬಾ ಥ್ಯಾಂಕ್ಸ್ ಮೇಡಂ. ಓದಿ ಹೇಳ್ತೀನಿ.

ಗಣೇಶ (ಪುತ್ತೂರು): ‘ಕಲಹ’ ಹೇಳಿದ್ರೆ ಆಗುದಿಲ್ವಾ ಮೇಡಂ? ಹೊಡೆದಾಟ ಸ್ವಲ್ಪ ಒರಟು ಆಯ್ತು ಮಾರಾಯ್ರೆ.

ಶಾರದಾ ಮೇಡಂ: ಕಲಹ ಬಾಯಲ್ಲೇ ಮುಗಿಯಬಹುದು. ಇಲ್ಲಿ ಕೈ ಬೇಕು.

ಪ್ರವೀಣ್ (ಹುಬ್ಬಳ್ಳಿ): ಒರಟ ಕೆಲಸಕ್ಕ ಒರಟ ಪದಾನ ಬೇಕಲ್ರಿ. ನಮ್ ಕಡೆ ಬಡದಾಟ ಅಂತೀವಿ. ಅದರಾಗ ತೂಕ ಐತಿ.

ಗಣೇಶ (ಪುತ್ತೂರು): ಬಡಿದಾಟ ಬರೆದ್ರೆ ಕೋರ್ಟಿನವರು ದೊಣ್ಣೆ ಎಲ್ಲಿ ಉಂಟು ಅಂತ ಕೇಳ್ತಾರೆ.

ಪ್ರವೀಣ್ (ಹುಬ್ಬಳ್ಳಿ): ಕೈಲೇನೂ ಬಡೀತಾರ್ರಿ. ಬಂದು ನೋಡ್ರಿ.

ಗಣೇಶ (ಪುತ್ತೂರು): ಇದೆಂಥ, ಬೆದರಿಕೆಯಾ?

ಅಡ್ಮಿನ್: ಇಬ್ಬರೂ ವಿಷಯಕ್ಕೆ ಬನ್ನಿ.

ಲತಾ: ಅಫ್ರೇಡ್ ಮತ್ತು ಅಫ್ರೇ ಒಂದೇ ಮೂಲವೇ?

ಶಾರದಾ ಮೇಡಂ: ಹೌದು. ಮೇಲಿದೆ.

ಕಿರಣ್ (ರೆಡಿಂಗ್, ಇಂಗ್ಲೆಂಡ್): ಮೇಡಂ, ಇಲ್ಲಿ ನಮ್ಮ ಪರಿಚಯದ ಹುಡುಗನ ಮೇಲೆ ಅಫ್ರೇ ಹಾಕಿದ್ದಾರೆ. ಅವನು ಒಬ್ಬನೇ ಕಿರುಚಾಡಿ ಕುರ್ಚಿ ಎತ್ತಿದ್ದು. ಇಬ್ಬರು ಬೇಕು ಅಂದ್ರಲ್ಲ?

ಶಾರದಾ ಮೇಡಂ: ನಾನು ಹೇಳಿದ್ದು ಭಾರತದ್ದು. ನಿಮ್ಮಲ್ಲಿ 1986ರ ಪಬ್ಲಿಕ್ ಆರ್ಡರ್ ಆ್ಯಕ್ಟ್ ಬಂದ ಮೇಲೆ ಹಳೆಯ ಅರ್ಥ ಹೋಯಿತು. ಒಬ್ಬನೇ ಸಾಕು, ಖಾಸಗಿ ಜಾಗವಾದರೂ ಆಗುತ್ತೆ. ಅವನು ಬೇರೆಯವರ ಮೇಲೆ ಬಲ ಪ್ರಯೋಗಿಸಿರಬೇಕು, ಇಲ್ಲವೇ ಹಾಗೆ ಬೆದರಿಸಿರಬೇಕು. ಗಟ್ಟಿ ಮನಸ್ಸಿನ ಸಾಮಾನ್ಯ ಮನುಷ್ಯ ಅಲ್ಲಿದ್ದಿದ್ದರೆ ತನ್ನ ಮೈಗೇನಾಗುತ್ತೋ ಅಂತ ಹೆದರುವಂತಿರಬೇಕು. ನೋಡಿ, ಅವರು ದಿಗಿಲನ್ನು ಉಳಿಸಿಕೊಂಡರು, ನಾವು ಶಾಂತಿಯನ್ನು. ಮೂರು ವರ್ಷದವರೆಗೆ ಜೈಲು ಇದೆ. ಆ ಹುಡುಗ ನಮ್ಮ ಗ್ರೂಪ್ ಓದುತ್ತಾ ಕೂರಬಾರದು, ಅಲ್ಲಿನ ಸಾಲಿಸಿಟರ್ ಹಿಡಿಯಲಿ.

ಅಡ್ವೊಕೇಟ್ ಹರೀಶ್: ಮೇಡಂ ಸರಿಯಾಗಿ ಹೇಳಿದ್ದಾರೆ. ಭಾರತದಲ್ಲಿ 194ಕ್ಕೆ ಒಂದು ತಿಂಗಳವರೆಗೆ ಶಿಕ್ಷೆ ಅಥವಾ 1,000 ರೂ.ವರೆಗೆ ದಂಡ ಅಥವಾ ಎರಡೂ. ಹಳೆಯ 160ರಲ್ಲಿ ದಂಡ ನೂರೇ ರೂಪಾಯಿ. ಐದು ಜನ ಸೇರಿದರೆ ದೊಂಬಿಯ ಕಲಂ ಬರಬಹುದು.

ನಾಗಭೂಷಣ್: ಗಿರಣಿ ಮುಂದಿನ ಜಾಗ ಗಿರಣಿಯವನದು. ಸಾರ್ವಜನಿಕ ಹೇಗಾಗುತ್ತೆ?

ಅಡ್ವೊಕೇಟ್ ಹರೀಶ್: ಪಹಣಿ ಯಾರ ಹೆಸರಲ್ಲಿದೆ ಅನ್ನೋದು ಮುಖ್ಯ ಅಲ್ಲ. ಜನ ಓಡಾಡುವ ಜಾಗವೇ ಅನ್ನೋದು ಮುಖ್ಯ.

ನಾಗಭೂಷಣ್: ನಮ್ಮ ಜಗಲಿ ಮೇಲೂ ಜನ ಓಡಾಡ್ತಾರೆ. ನಾಳೆ ಅದನ್ನೂ ಸರ್ಕಾರಕ್ಕೆ ಬರೆದುಕೊಡಿ.

ಅಡ್ವೊಕೇಟ್ ಹರೀಶ್: ಸ್ವಾಮಿ, ನಿಮ್ಮ ಜಗಲಿ ನಿಮಗೇ ಇರಲಿ.

ಸುರೇಶ್ ಟೈಲರ್: ಕಾಲರ್ ಫ್ರೇ ಆಗಿದೆ ಅಂತ ಗಿರಾಕಿಗಳು ಹೇಳ್ತಾರೆ. ಅದೂ ಇದೇನಾ ಮೇಡಂ?

ಶಾರದಾ ಮೇಡಂ: ಅಲ್ಲ. ಅದು ಲ್ಯಾಟಿನ್ನಿನ ‘ಉಜ್ಜು’ವಿನಿಂದ ಬಂದದ್ದು, ಫ್ರಿಕ್ಷನ್ನಿನ ನೆಂಟ. ಜಗಳದ ‘ಫ್ರೇ’ ಅಫ್ರೇಯ ತಲೆ ಕತ್ತರಿಸಿದ ರೂಪ. ಎರಡೂ ಬೇರೆ.

ನಾಗಭೂಷಣ್: ಇದಕ್ಕೆ ಮೇಡಂ ಉತ್ತರ ಕೊಡಲಿ. ಬೇರೆ ಗ್ರೂಪಿನಲ್ಲಿ ಬಂತು: “ಅಫ್ರೇ = ಸಂಸ್ಕೃತದ ಅಪ್ರಿಯ. ಅಪ್ರಿಯವಾದದ್ದೇ ಜಗಳ. ಪಾಶ್ಚಾತ್ಯರು ಮುಚ್ಚಿಟ್ಟ ಸತ್ಯ.”

ಶಾರದಾ ಮೇಡಂ: ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಹಾಗಿದೆ ಇದು. ಅಫ್ರೇಯ ಮೊದಲಿನ ‘ಅ’ ನಮ್ಮ ‘ಅಲ್ಲ’ದ ಅ ಅಲ್ಲ, ಎಕ್ಸ್ ಸವೆದು ಉಳಿದದ್ದು. ಆದ್ದರಿಂದ ಅಪ್ರಿಯ ಸುಳ್ಳು. ಆದರೆ ಮುಚ್ಚಿಡುವುದು ನನ್ನ ಕಸುಬಲ್ಲ: ಶಾಂತಿ ಅನ್ನುವ ಆ ‘ಫ್ರಿದ್’ ಪ್ರೀತಿಸು ಅನ್ನುವ ಹಳೆಯ ಇಂಡೋ-ಯುರೋಪಿಯನ್ ಧಾತುವಿನದು. ಅಲ್ಲಿನ ಪಕಾರ ಜರ್ಮ್ಯಾನಿಕ್ ಕಡೆ ಫಕಾರ ಆಯಿತು, ಪಿತೃ ಫಾದರ್ ಆದ ಹಾಗೆ. ಫ್ರೆಂಡ್, ಫ್ರೈಡೇ ಅದರ ಮಕ್ಕಳು. ಸಂಸ್ಕೃತದಲ್ಲಿ ಅದೇ ಧಾತುವಿನಿಂದ ಪ್ರಿಯ, ಪ್ರೀತಿ. ಅಂದರೆ ಅಫ್ರೇಯ ಹೊಟ್ಟೆಯೊಳಗೆ ಪ್ರೀತಿಯ ದಾಯಾದಿ ಕೂತಿದ್ದಾನೆ. ದಾಯಾದಿ, ಮಗ ಅಲ್ಲ.

ನಾಗಭೂಷಣ್: ನೋಡಿದ್ರಾ!! ಒಪ್ಪಿಕೊಂಡರು! ಸಂಸ್ಕೃತವೇ ಮೂಲ!!

ಶಾರದಾ ಮೇಡಂ: ನಾನು ಬರೆದದ್ದನ್ನು ಓದಿದ್ರಾ? ನೀವೂ ನಿಮ್ಮ ಚಿಕ್ಕಪ್ಪನ ಮಗನೂ ಒಬ್ಬ ಅಜ್ಜನ ಮೊಮ್ಮಕ್ಕಳು. ಅಷ್ಟಕ್ಕೆ ನೀವು ಅವನ ಅಪ್ಪ ಆಗಲ್ಲ.

ಗಣೇಶ (ಪುತ್ತೂರು): 😂

ನಾಗಭೂಷಣ್: ಯಾವ ಪುಸ್ತಕದಲ್ಲಿದೆ ಇದೆಲ್ಲ? ಬಾಯಿಗೆ ಬಂದಿದ್ದು ಹೇಳಬಾರದು.

ಶಾರದಾ ಮೇಡಂ: ಆಕ್ಸ್‌ಫರ್ಡ್ ಮಹಾನಿಘಂಟಿನ ಮೊಟ್ಟಮೊದಲ ಕಂತು 1884ರಲ್ಲಿ ಬಂತು, ‘ಎ’ಯಿಂದ ‘ಆ್ಯಂಟ್’ವರೆಗೆ ಮಾತ್ರ. ಅಫ್ರೇ ಆ ಕಂತಿನಲ್ಲೇ ಬರುತ್ತೆ. ಲೈಬ್ರರಿಗೆ ಹೋಗಿ. ಪೋರ್ ಬೇಕಿದ್ದರೆ 1894ರ ಕಿಟ್ಟೆಲ್ ಇದ್ದಾನೆ. ಫೋನು ಮನೇಲಿಟ್ಟು ಹೋಗಿ.

ರೇಖಾ: ತಕರಾರು ಯಾವ ಭಾಷೆ ಮೇಡಂ? ಶ್ರೀದೇವಿ ಅವರ ಪ್ರಶ್ನೆಯಲ್ಲಿ ನೋಡಿ ಅನುಮಾನ ಬಂತು.

ಶಾರದಾ ಮೇಡಂ: ಅರಬ್ಬಿ. ಮೂಲಾರ್ಥ, ಮತ್ತೆ ಮತ್ತೆ ಹೇಳುವುದು. ಈ ಗ್ರೂಪಿಗೆ ಹೇಳಿ ಮಾಡಿಸಿದ ಹಾಗಿದೆ.

ಮಂಜುಳಾ ಎಸ್.: ಅಫ್ರೇಡ್, ಅಫ್ರೇ ಇವೆರಡರ ಸಂಬಂಧ ಯಾರಾದರೂ ತಿಳಿಸಿ.

ಶಾರದಾ ಮೇಡಂ: ಮೇಲೆ.

ಅನಿಲ್: ಸ್ಕಫಲ್ ಅಂದ್ರೆ ಏನು ಮೇಡಂ? ಪೇಪರಲ್ಲಿ ದಿನಾ ಬರುತ್ತೆ.

ಪ್ರವೀಣ್ (ಹುಬ್ಬಳ್ಳಿ): ಗಣೇಶ್ ಅವರ, ನಗೋದ ಬಿಟ್ಟು ದೊಣ್ಣಿ ಮಾತಿಗೆ ಉತ್ತರಾ ಕೊಡ್ರಿ.

ಗಣೇಶ (ಪುತ್ತೂರು): ನಿಮ್ಮತ್ರ ಮಾತಾಡಿದ್ರೆ ನನ್ನ ಬಾಯಿ ನೋವು ಅಷ್ಟೆ.

ಅಡ್ಮಿನ್: ಇನ್ನೊಂದು ಸಲ ಹೀಗಾದರೆ ಇಬ್ಬರನ್ನೂ ತೆಗೀತೀನಿ.

ಶ್ರೀದೇವಿ (ತಿಪಟೂರು): ಮೇಡಂ, ಓದಿ ಹೇಳಿದೆ. ಹೆದರಿದವರು ಬೇರೆಯವರು ಅಂದ ತಕ್ಷಣ ಚಿಕ್ಕಪ್ಪ ಸಮಾಧಾನ ಆದರು, ಕಾಫಿ ಕುಡಿದರು. ಈಗ ಇನ್ನೊಂದು ಶುರು ಮಾಡಿದ್ದಾರೆ. ‘ಹೊಡೆದಾಡಿದರು’ ಅಂತ ಬರೆದರೂ ಒಪ್ಪಲ್ಲವಂತೆ. “ಅವನೆಲ್ಲಿ ಹೊಡೆದ? ಅವನ ಕೈಲಿ ಹಿಟ್ಟಿನ ಚೀಲ ಇತ್ತು. ಹೊಡೆದದ್ದೆಲ್ಲ ನಾನೇ. ಎರಡು ಕೆನ್ನೆಗೆ, ಒಂದು

ಶಾರದಾ ಮೇಡಂ: ಶ್ರೀದೇವಿ, ಅದನ್ನು ಅಳಿಸಿ. ಈಗಲೇ.

ಅಡ್ವೊಕೇಟ್ ಹರೀಶ್: ಅಯ್ಯೋ, ಅಳಿಸಮ್ಮಾ! ಅದು ಬೇರೆ ಕಲಂ, ಒಂದು ವರ್ಷದವರೆಗೆ ಇದೆ.

ಶ್ರೀದೇವಿ (ತಿಪಟೂರು): ಅಳಿಸೋದು ಹೇಗೆ? ಒತ್ತಿದರೆ ಬರೀ ‘ನನಗಾಗಿ ಅಳಿಸಿ’ ಅಂತ ಬರ್ತಿದೆ.

ಅಡ್ಮಿನ್: ನಾನು ತೆಗೀತೀನಿ, ಇರಿ.

ಅನಿಲ್: ಮೇಡಂ, ಸ್ಕಫಲ್?