ಸಹಾಯ ಬೇಕು: ತಾರಸಿಯಲ್ಲಿ ವೂಪ್‌ಗೆ ದಮ್ಮೇ ಇಲ್ಲ
ನಮಸ್ಕಾರ. ನನ್ನದು 65 ಎಂಎಂ ಟೈನಿ ವೂಪ್ (ಮನೆಯೊಳಗೂ ಹಾರಿಸಬಹುದಾದ ಪುಟ್ಟ ಡ್ರೋನ್), 0702 ಮೋಟರ್, 31 ಎಂಎಂ ಪ್ರೊಪೆಲ್ಲರ್, 1ಎಸ್ (ಒಂದೇ ಸೆಲ್‌ನ) 300 ಎಂಎಎಚ್ ಬ್ಯಾಟರಿ, ಪಿಎಚ್ 2.0 ಕನೆಕ್ಟರ್. ಹಾಲ್‌ನಲ್ಲಿ ಕುರ್ಚಿ ಕಾಲುಗಳ ನಡುವೆಯೂ ಹೇಳಿದಂತೆ ಕೇಳುತ್ತದೆ. ತಾರಸಿಯಲ್ಲಿ ಗಾಳಿಗೆದುರು ಥ್ರಾಟಲ್ ಕೊಟ್ಟರೆ ಮಾತ್ರ ವೋಲ್ಟೇಜ್ 4.1ರಿಂದ 3.0ಕ್ಕೆ ಕುಸಿಯುತ್ತದೆ, ಇಳಿಸಿದರೆ ತಕ್ಷಣ 3.8. ಅಂದರೆ ಚಾರ್ಜ್ ಮುಗಿದಿಲ್ಲ, ದಾರಿಯಲ್ಲೆಲ್ಲೋ ತಡೆಯಿದೆ. ಬೇರೆ ಬ್ಯಾಟರಿ ಹಾಕಿದರೂ ಅಷ್ಟೇ. ಪ್ರೊಪೆಲ್ಲರ್ ಹೊಸದು, ಮೋಟರ್ ಶಾಫ್ಟ್‌ಗೆ ಕೂದಲು ಸುತ್ತಿಕೊಂಡಿಲ್ಲ (ಮನೆಯೊಳಗೆ ಹಾರಿಸುವವರು ಮೊದಲು ನೋಡಬೇಕಾದದ್ದೇ ಅದು). ಅನುಮಾನವೆಲ್ಲ ಪಿಎಚ್ 2.0ರ ತೆಳು ಪಿನ್ ಮೇಲೆ.

ಬಿಟಿ 2.0 ಕನೆಕ್ಟರ್‌ಗೆ ಬದಲಿಸಲು 22 ಗೇಜ್ ವೈರ್ ಸಾಕೇ? ಬೋರ್ಡಿನ ಪ್ಯಾಡ್ ಕಿತ್ತುಬರದಂತೆ ಸೋಲ್ಡರಿಂಗ್ ಐರನ್ ಎಷ್ಟು ಡಿಗ್ರಿಯಲ್ಲಿಡಲಿ? ಇಲ್ಲಾ, ಹೊರಗಿನ ಗಾಳಿಗೆ 40 ಎಂಎಂ ಪ್ರೊಪೆಲ್ಲರಿನ 75 ಎಂಎಂ ಫ್ರೇಮೇ ಸರಿಯೇ? ಎರಡೂ ಹಾರಿಸಿದವರು ತಿಳಿಸಿ.