ಐದು ತಿಂಗಳ ಮುಧೋಳ ಮರಿಗೆ ಮೊಲ ಹಿಡಿಯೋದು ಕಲಿಸೋದು ಹೇಗೆ?

ಸೊರಬದ_ಹುಡುಗ
ಮುಧೋಳದಿಂದ ತಂದ ಗಂಡು ಮರಿ, ಐದು ತಿಂಗಳು ತುಂಬ್ತು. ಕಾಲು ನೋಡಿದ್ರೆ ಕರು ಥರ ಇದೆ. ಕೊಯ್ಲು ಮುಗಿದು ಗದ್ದೆ ಬಯಲಾಗಿದೆ, ರಾತ್ರಿ ಮೊಲ ಬಂದು ಅಲಸಂದೆ ಕುಡಿ ಪೂರಾ ಸವರಿಕೊಂಡು ಹೋಗ್ತಾವೆ. ಇವನಿಗೆ ಮೊಲ ಹಿಡಿಯೋದು ಕಲಿಸ್ಬೇಕು. ಸದ್ಯಕ್ಕೆ ಬೈಕ್ ಹಿಂದೆ ದಿನಾ ಎರಡು ಕಿಲೋಮೀಟರ್ ಓಡಿಸ್ತಿದೀನಿ. ಸಾಕಾ?

ಪಶುವೈದ್ಯ_ಸಾಗರ
ಮೊದಲು ಬೈಕ್ ನಿಲ್ಸಿ. ಈ ವಯಸ್ಸಿಗೆ ಕಾಲಿನ ಎಲುಬು ತುದಿಗಳಲ್ಲಿ ಇನ್ನೂ ಮೆತ್ತಗೆ, ಬೆಳೀತಾ ಇರುತ್ತೆ. ಗಟ್ಟಿಯಾಗೋಕೆ ವರ್ಷ, ಒಂದೂವರೆ ವರ್ಷ ಬೇಕು. ಡಾಂಬರಿನ ಮೇಲೆ ಒತ್ತಾಯಕ್ಕೆ ಓಡಿಸಿದ್ರೆ ಮುಂಗಾಲು ಸೊಟ್ಟ ಆಗಿ ಜೀವಮಾನ ಕುಂಟಬಹುದು. ಹುಲ್ಲಿನ ಮೇಲೆ ತಾನಾಗಿ ಓಡ್ಲಿ, ಸುಸ್ತಾದಾಗ ತಾನೇ ಕೂರ್ಲಿ. ಬಿದಿರು ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೇ ಬಟ್ಟೆ ಕಟ್ಟಿ ನೆಲದ ಮೇಲೆ ಎಳೀರಿ, ಐದು ನಿಮಿಷ, ಬಿಸಿಲೇರೋ ಮೊದಲು. ಅದಕ್ಕೂ ಮುಂಚೆ ಕರೆದ್ರೆ ಬರೋದು ಕಲಿಸಿ. ಕಣ್ಣಲ್ಲಿ ಬೇಟೆ ಹಿಡಿಯೋ ಜಾತಿ ಇದು, ಒಮ್ಮೆ ಬೆನ್ನು ಹತ್ತಿದ್ರೆ ಕಿವಿ ಕೇಳಲ್ಲ.

ಬ್ಯಾಣದ_ಬಸಣ್ಣ
"ಕಿವಿ ಕೇಳಲ್ಲ" ಅಂತೆ! ನಮ್ಮಜ್ಜನ ಕಂತ್ರಿ ನಾಯಿ ಒಂದು ಸಿಳ್ಳೆಗೆ ನಡು ಓಟದಲ್ಲಿ ತಿರುಗಿ ಬರ್ತಿತ್ತು. ಹುಡುಗ, ನೀನು ಬಟ್ಟೆ ಗಿಟ್ಟೆ ಬಿಡು. ಸಾಕಿದ ಬಿಳಿ ಮೊಲ ಎರಡು ತಂದು ಅಂಗಳದಲ್ಲಿ ಬಿಡು. ರಕ್ತದ ರುಚಿ ಹತ್ತಿದ್ರೆ ಆಮೇಲೆ ಗದ್ದೆ ಮೊಲ ಬಿಲದಿಂದ ಮೂತಿ ಹೊರಗೆ ಹಾಕೋದೇ ತಡ, ಕೆಲಸ ಮುಗೀತು.

ಶೆಟ್ಟಿಹಳ್ಳಿ_ಅಂಚು
ನಾಲ್ಕು ಸಾಲಲ್ಲಿ ಎರಡು ಅಪರಾಧ ಕಲಿಸಿದ್ರಿ. ಮೋಜಿಗೆ ಒಂದು ಪ್ರಾಣೀನ ಕೂಡಿ ಹಾಕಿ ಇನ್ನೊಂದಕ್ಕೆ ತುತ್ತು ಮಾಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್. ಕಾಡು ಮೊಲದ ಮೇಲೆ ನಾಯಿ ಛೂ ಬಿಡೋದು 1972ರ ವನ್ಯಜೀವಿ ಕಾಯ್ದೆ. ಅದರಲ್ಲಿ ಬೇಟೆ ಅಂದ್ರೆ ಕೊಲ್ಲೋದಷ್ಟೇ ಅಲ್ಲ, ಅಟ್ಟೋದು, ಉರುಳು ಹಾಕೋದು, ಅದರ ಪ್ರಯತ್ನ ಎಲ್ಲಾ ಸೇರುತ್ತೆ. "ಹಿಡೀಲಿಲ್ಲ ಸಾರ್, ಓಡಿಸಿದ್ದಷ್ಟೇ" ಅನ್ನೋದು ರೇಂಜರ್ ಮುಂದೆ ನಡೆಯಲ್ಲ.

ಬ್ಯಾಣದ_ಬಸಣ್ಣ
ಅಲಸಂದೆ ತಿಂದಾಗ ರೇಂಜರ್ ಎಲ್ಲಿದ್ರು? ಮೊಲ ಎಂದರೆ ಇಲಿ ಜಾತಿ, ಪೀಡೆ. ಕಾಗೆ ಇಲಿ ಜೊತೆ ಪೀಡೆ ಪಟ್ಟಿಲಿತ್ತು ಅದು.

ಶೆಟ್ಟಿಹಳ್ಳಿ_ಅಂಚು
ಹಳೇ ಐದನೇ ಪಟ್ಟೀಲಿ ಇದ್ದಿದ್ದು ಕಾಗೆ, ಬಾವಲಿ, ಇಲಿ. ಮೊಲ ನಾಲ್ಕನೇದ್ರಲ್ಲಿತ್ತು. 2022ರ ತಿದ್ದುಪಡಿಲಿ ಆ ಪೀಡೆ ಪಟ್ಟಿಯೇ ಹೋಯ್ತು.

ಹಕ್ಕೆ_ಹುಡುಕಾಟ
ಕಾಯ್ದೆ ಪಕ್ಕಕ್ಕಿಡಿ. "ಬಿಲದಿಂದ ಮೂತಿ" ಎಂಥದು ಮಾರಾಯ್ರೆ? ನಮ್ಮ ಕಾಡು ಮೊಲ ಬಿಲ ತೋಡೋದೇ ಇಲ್ಲ. ಹುಲ್ಲಲ್ಲಿ ಮೈಯಷ್ಟಗಲ ತಗ್ಗು ಮಾಡಿ ಕೂರುತ್ತೆ, ಅದಕ್ಕೆ ಹಕ್ಕೆ ಅಂತಾರೆ. ಬಿಲ ತೋಡೋದು ಯುರೋಪಿನ ಮೊಲ, ನಿಮ್ಮ ಬಿಳಿ ಮೊಲದ ಮೂಲ ಅದೇ. ಅದರ ಮರಿ ಕೂದಲಿಲ್ಲದೆ, ಕಣ್ಣು ಮುಚ್ಕೊಂಡು ಹುಟ್ಟುತ್ತೆ. ನಮ್ಮದು ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ಬಿಟ್ಟಿರುತ್ತೆ. ಇಲಿ ಜಾತೀನೂ ಅಲ್ಲ, ಮೇಲಿನ ಬಾಚಿಹಲ್ಲಿನ ಹಿಂದೆ ಇನ್ನೊಂದು ಸಣ್ಣ ಜೋಡಿ ಹಲ್ಲಿದೆ.

ಬ್ಯಾಣದ_ಬಸಣ್ಣ
ಹಲ್ಲು ಎಣಿಸೋಕೆ ಹೋಗಿದ್ರಾ? ನಮ್ಮ ಬ್ಯಾಣದ ದರೆಯಲ್ಲಿ ಮೊಲ ಬಿಲದೊಳಗೆ ಹೋಗಿದ್ದು ನಾನೇ ಕಣ್ಣಾರೆ ನೋಡಿದೀನಿ.

ಹಕ್ಕೆ_ಹುಡುಕಾಟ
ಅದು ಮುಳ್ಳುಹಂದಿ ತೋಡಿದ ಬಿಲ. ನಾಯಿ ಬೆನ್ನು ಹತ್ತಿದಾಗ ಜೀವ ಉಳಿಸ್ಕೊಳ್ಳೋಕೆ ಹೊಕ್ಕಿರಬಹುದು. ಮಳೆ ಬಂದಾಗ ನೀವು ಬಸ್‌ಸ್ಟಾಂಡಲ್ಲಿ ನಿಂತ್ರೆ ಬಸ್‌ಸ್ಟಾಂಡ್ ನಿಮ್ಮ ಮನೆ ಆಗುತ್ತಾ?

ಬ್ಯಾಣದ_ಬಸಣ್ಣ
ಅಂದ್ರೆ ಬಿಲಕ್ಕೆ ಹೋಗುತ್ತೆ ಅಂತ ಒಪ್ಕೊಂಡ್ರಿ.

ಹಕ್ಕೆ_ಹುಡುಕಾಟ
ತೋಡಲ್ಲ ಅಂದಿದ್ದು! ಹೊಗಲ್ಲ ಅಂದ್ನಾ?

ಅಡಿಕೆ_ಸಿಪ್ಪೆ
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಹಕ್ಕೆ_ಹುಡುಕಾಟ
ಈ ಗಾದೆ ಹೇಳೋಕೆ ಯಾರಾದ್ರೂ ಬಂದೇ ಬರ್ತಾರೆ ಅಂತ ಕಾಯ್ತಿದ್ದೆ.

ಸೊರಬದ_ಹುಡುಗ
ಬೈಕ್ ನಿಲ್ಸಿದೆ. ಊಟ ಎಷ್ಟು ಸಲ ಹಾಕ್ಬೇಕು?

ಬಾಗಲಕೋಟಿ_ಮಂದಿ
ತಮ್ಮಾ, ಕಡೀ ಮೂರು ಪಕ್ಕೆಲುಬು ಕಣ್ಣಿಗಿ ಕಾಣಬೇಕು, ಅದಽ ಲೆಕ್ಕ. ಬೊಜ್ಜು ಬಂದ್ರ ಮುಧೋಳ ಅಲ್ಲ ಅದು. ಆದ್ರ ಒಂದು ಮಾತು, ನಿಮ್ಮ ಮಲೆನಾಡಿಗಿ ಈ ನಾಯಿ ಯಾಕ್ ಬೇಕಿತ್ತು? ಎರಿ ಹೊಲದಾಗ ಹರದಾರಿ ದೂರ ಕಾಣತೈತಿ, ಅಲ್ಲಿ ಓಡಾಕ ಹುಟ್ಟಿದ್ದು. ನಿಮ್ಮಲ್ಲಿ ಹತ್ತು ಮಾರಿಗೆ ಒಂದು ಬೇಲಿ.

ಅಡಿಕೆ_ಸಿಪ್ಪೆ
"ಯಾಕ್ ಬೇಕಿತ್ತು" ಅನ್ನೋಕೆ ನೀವ್ಯಾರು? 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೇ ಮುಧೋಳ ಮರಿಗಳು ಹೋದವು. ಅಲ್ಲಿಗೆ ಹೊಂದೋ ನಾಯಿ ಸೊರಬಕ್ಕೆ ಹೊಂದಲ್ವಾ?

ಬಾಗಲಕೋಟಿ_ಮಂದಿ
ಮೀರತ್ ಬಯಲಸೀಮಿ ಐತ್ರೀ! ನಕಾಶೆ ನೋಡ್ರಿ.

ಪಶುವೈದ್ಯ_ಸಾಗರ
ಬೇಲಿ ಮಾತು ಸುಳ್ಳಲ್ಲ. ಮುಳ್ಳುತಂತಿಗೆ ಎದೆ ಸೀಳಿಸಿಕೊಂಡ ಮೂರು ನಾಯಿಗಳಿಗೆ ಈ ವರ್ಷ ಹೊಲಿಗೆ ಹಾಕಿದೀನಿ. ಹಂದಿಗೆ ಹಾಕಿದ ಉರುಳಿಗೆ ಸಿಕ್ಕಿದ್ದು ಬೇರೆ. ಇನ್ನು ಉಣುಗು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ಸೊರಬ ತಾಲೂಕಿನ ಕ್ಯಾಸನೂರಲ್ಲಿ, ಹರಡೋದು ಉಣುಗು. ಬೇಸಿಗೇಲಿ ನಾಯಿ ಕಾಡು ಸುತ್ತಿ ಬಂದ್ರೆ ಮೈ ತಡಕಿ ನೋಡದೆ ಒಳಗೆ ಬಿಡಬೇಡಿ.

ಬ್ಯಾಣದ_ಬಸಣ್ಣ
ಡಾಕ್ಟ್ರೇ, ಉಣುಗು ಬಿಡಿ. ನೀವು ಓದಿದವರು, ಹೇಳಿ: ಮೊಲ ಬಿಲಕ್ಕೆ ಹೋಗುತ್ತೋ ಇಲ್ವೋ?

ಪಶುವೈದ್ಯ_ಸಾಗರ
ನಾನು ದನದ ಡಾಕ್ಟ್ರು.

ಹಕ್ಕೆ_ಹುಡುಕಾಟ
ಇಂಥವರಿಗೆ ಹೇಳಿ ಪ್ರಯೋಜನ ಇಲ್ಲ, ನಾನು ಹೊರಟೆ.

ಬ್ಯಾಣದ_ಬಸಣ್ಣ
ಹೋಗಿ. ಮುಳ್ಳುಹಂದಿ ಬಿಲದಲ್ಲಿ ಜಾಗ ಇದೆ.

ಹಕ್ಕೆ_ಹುಡುಕಾಟ
ಬಾಯಿಗೆ ಬಂದಂಗೆ ಮಾತಾಡ್ಬೇಡಿ. ನಾನು ಹದಿನೈದು ವರ್ಷದಿಂದ ಕಾಡು ತಿರುಗ್ತಿದೀನಿ.

ಬ್ಯಾಣದ_ಬಸಣ್ಣ
ಮೊಲಾನೂ ತಿರುಗುತ್ತೆ.

ಶೆಟ್ಟಿಹಳ್ಳಿ_ಅಂಚು
ಎಲ್ಲರೂ ಬಿಲ ಅಗೀತಾ ಕೂತ್ರಿ. ಬೇಟೆ ಕಾನೂನುಬಾಹಿರ ಅನ್ನೋದನ್ನ ಯಾರೂ ಮುಟ್ಟಲಿಲ್ಲ. ಅಲಸಂದೆಗೆ ಸಣ್ಣ ಕಣ್ಣಿನ ಬಲೆ ಕಟ್ಟಿದ್ರೆ ಸಾಕಿತ್ತು.

ಸೊರಬದ_ಹುಡುಗ
ಬಲೆ ಕಟ್ಟಿದೆ. ಮರಿ ಬಟ್ಟೆ ಆಟ ಚೆನ್ನಾಗಿ ಆಡ್ತಾನೆ, ಕರೆದ್ರೆ ಹತ್ತಕ್ಕೆ ಆರು ಸಲ ಬರ್ತಾನೆ. ಇವತ್ತು ಬೆಳಿಗ್ಗೆ ಹಗ್ಗ ಹಿಡ್ಕೊಂಡು ಗದ್ದೆ ಅಂಚಲ್ಲಿ ಹೋಗ್ತಿದ್ವಿ, ಕಾಲಬುಡದಿಂದಲೇ ಒಂದು ಮೊಲ ಎದ್ದು ಓಡ್ತು. ಇವನು ಹೆದರಿ ನನ್ನ ಲುಂಗಿ ಹಿಂದೆ ಬಂದು ನಿಂತ್ಕೊಂಡ.

ಬ್ಯಾಣದ_ಬಸಣ್ಣ
ಎಲ್ಲಿಂದ ಎದ್ದಿದ್ದು?

ಸೊರಬದ_ಹುಡುಗ
ಹುಲ್ಲಿಂದ.

ಬ್ಯಾಣದ_ಬಸಣ್ಣ
ಹುಲ್ಲು ಸರಿಸಿ ಕೆಳಗೆ ನೋಡಿದ್ಯಾ?