ಸಸ್ಯದ ಭಾಗಗಳ ಪಾಠ: ನಿಮಗೆ ಫಲಿಸಿದ ಬಗೆ ಯಾವುದು?

ಪ್ರಶ್ನೆ: ಒಂಬತ್ತು–ಹತ್ತು ವರ್ಷದ ಮಕ್ಕಳಿಗೆ ಸಸ್ಯದ ಭಾಗಗಳನ್ನು ಕಲಿಸುತ್ತಿದ್ದೇನೆ. ಚಿತ್ರದಲ್ಲಿ ಭಾಗಗಳನ್ನು ಗುರುತಿಸಿ ಹೆಸರು ಬರೆಯುವುದು ಅವರಿಗೆ ಕಷ್ಟವೇನಲ್ಲ. ಆದರೆ ಮಣ್ಣಿನೊಳಗೆ ಇರುವುದರಿಂದ ಆಲೂಗಡ್ಡೆ ಬೇರು ಎಂದೂ, ಗಿಡವು ಬೇರಿನ ಮೂಲಕ ಮಣ್ಣನ್ನೇ ತಿಂದು ಬೆಳೆಯುತ್ತದೆ ಎಂದೂ ಖಚಿತವಾಗಿ ನಂಬಿದ್ದಾರೆ. ಇದನ್ನು ತಿದ್ದಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಒಂದು ಭಾಗ ಎಲ್ಲಿದೆ ಎಂಬುದನ್ನು ಬಿಟ್ಟು, ಅದರ ಮೇಲೆ ಏನೇನು ಹುಟ್ಟುತ್ತದೆ ಎಂಬ ಪ್ರಶ್ನೆಯಿಂದ ಪಾಠ ಆರಂಭಿಸಿದಾಗ ನನ್ನ ತರಗತಿಯಲ್ಲಿ ಗೊಂದಲ ಬಹಳಮಟ್ಟಿಗೆ ಕಡಿಮೆಯಾಯಿತು. ಕಾಂಡದಲ್ಲಿ ಗೆಣ್ಣುಗಳಿರುತ್ತವೆ, ಗೆಣ್ಣಿನಲ್ಲಿ ಎಲೆಯೂ ಅದರ ಕಂಕುಳಲ್ಲಿ ಮೊಗ್ಗೂ ಮೂಡುತ್ತವೆ, ಬೇರಿಗೆ ಗೆಣ್ಣುಗಳಿಲ್ಲ. ಇದನ್ನು ಮೊದಲು ಯಾವುದಾದರೂ ಕೊಂಬೆಯಲ್ಲಿ ತೋರಿಸಿ, ಬಳಿಕ ಆಲೂಗಡ್ಡೆ, ಶುಂಠಿ, ಕ್ಯಾರೆಟ್, ಸಿಹಿಗೆಣಸುಗಳನ್ನು ಮಕ್ಕಳ ಕೈಗೇ ಕೊಡಿ. ಆಲೂಗಡ್ಡೆಯ ಕಣ್ಣುಗಳು ಮೊಗ್ಗುಗಳು, ಶುಂಠಿಯ ಸುತ್ತಲಿನ ಗೆರೆಗಳು ಗೆಣ್ಣುಗಳು. ಆದ್ದರಿಂದ ಎರಡೂ ನೆಲದೊಳಗಿನ ಕಾಂಡಗಳೆಂದು ಅವರೇ ಹೇಳುತ್ತಾರೆ. ಕ್ಯಾರೆಟ್ ದಪ್ಪಗಾದ ತಾಯಿಬೇರು. ಸಿಹಿಗೆಣಸಿನಲ್ಲಿ ಮಾತ್ರ ಎಚ್ಚರ ಬೇಕು: ಅದು ಬೇರೇ ಆದರೂ ಅದರಿಂದ ಚಿಗುರು ಹೊರಡುತ್ತದೆ. ಹಾಗಾಗಿ ಚಿಗುರಿದ್ದೆಲ್ಲ ಕಾಂಡ ಎಂಬ ಸೂತ್ರವನ್ನು ಕೊಡಬೇಡಿ, ಗೆಣ್ಣುಗಳನ್ನೇ ಹುಡುಕಿಸಿ.

ಎರಡನೆಯ ಉತ್ತರ: ಮೇಲಿನವರ ಮಾತು ಸರಿ, ಬೇರಿನ ಕೆಲಸದ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. ಒದ್ದೆ ಬಟ್ಟೆಯ ಮೇಲೆ ಸಾಸಿವೆ ಅಥವಾ ಮೂಲಂಗಿ ಬೀಜವನ್ನು ಮೊಳೆಯಿಸಿದರೆ, ಬೇರಿನ ತುದಿಯಿಂದ ಸ್ವಲ್ಪ ಹಿಂದೆ ಬೆಳ್ಳಗಿನ ನವಿರು ಎಳೆಗಳು ಕಾಣಿಸುತ್ತವೆ. ಅನೇಕರು ಇದನ್ನು ಬೂಷ್ಟೆಂದು ತಿಳಿದು ಮೊಳಕೆಯನ್ನು ಎಸೆದುಬಿಡುತ್ತಾರೆ. ಇವು ಬೇರುರೋಮಗಳು, ಒಂದೊಂದು ಎಳೆಯೂ ಒಂದೇ ಜೀವಕೋಶದ ಚಾಚು, ನೀರನ್ನೂ ಅದರಲ್ಲಿ ಕರಗಿದ ಖನಿಜಗಳನ್ನೂ ಹೀರುವ ಕೆಲಸ ಹೆಚ್ಚಾಗಿ ಇವುಗಳದ್ದು. ಸಸಿಯನ್ನು ಕಿತ್ತು ಬೇರೆಡೆ ನೆಟ್ಟಾಗ, ಮಣ್ಣು ಒದ್ದೆಯಾಗಿದ್ದರೂ ಅದು ಬಾಡುವುದಕ್ಕೆ ಈ ರೋಮಗಳು ಹರಿದುಹೋಗಿರುವುದೇ ಮುಖ್ಯ ಕಾರಣ ಎಂದು ವಿವರಿಸಿದರೆ ಮಕ್ಕಳಿಗೆ ಅದು ನೆನಪಿನಲ್ಲಿ ಉಳಿಯುತ್ತದೆ.

ಮೂರನೆಯ ಉತ್ತರ: ಗಿಡ ಮಣ್ಣು ತಿನ್ನುತ್ತದೆ ಎಂಬ ನಂಬಿಕೆಗೆ ಹದಿನೇಳನೆಯ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್ ಅವರ ಪ್ರಯೋಗದ ಲೆಕ್ಕಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಅವರ ನಿಧನಾನಂತರ 1648ರಲ್ಲಿ ಪ್ರಕಟವಾದ ಬರಹದ ಪ್ರಕಾರ, 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡ್ ತೂಕದ ವಿಲೋ ಸಸಿಯನ್ನು ನೆಟ್ಟು 5 ವರ್ಷ ನೀರನ್ನಷ್ಟೇ ಉಣಿಸಿದಾಗ, ಮರ ಸುಮಾರು 169 ಪೌಂಡ್ ತೂಗಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ. ಉಳಿದ ತೂಕ ಎಲ್ಲಿಂದ ಬಂತು ಎಂದು ಕೇಳಿ ಮಕ್ಕಳನ್ನು ಸ್ವಲ್ಪ ಹೊತ್ತು ವಾದಿಸಲು ಬಿಡಿ. ಎಲ್ಲವೂ ನೀರಿನಿಂದಲೇ ಎಂದು ಹೆಲ್ಮಾಂಟ್ ತೀರ್ಮಾನಿಸಿದ್ದರು. ಎಲೆಯು ತನ್ನ ಮೇಲ್ಮೈಯ ಅತಿ ಸಣ್ಣ ತೂತುಗಳಾದ ಪತ್ರರಂಧ್ರಗಳ ಮೂಲಕ ಗಾಳಿಯಿಂದ ಪಡೆಯುವ ಇಂಗಾಲದ ಡೈಆಕ್ಸೈಡ್ ಅವರ ಎಣಿಕೆಗೆ ಬರಲಿಲ್ಲ. ಬೆಳಕಿನ ಶಕ್ತಿಯಿಂದ ಆ ಅನಿಲವನ್ನೂ ನೀರನ್ನೂ ಸೇರಿಸಿ ಎಲೆಯ ಹಸಿರು ವಸ್ತುವಾದ ಪತ್ರಹರಿತ್ತು ಸಕ್ಕರೆಯನ್ನು ತಯಾರಿಸುತ್ತದೆ, ಆಹಾರ ಸಾಗಿಸುವ ಅಂಗಾಂಶವಾದ ಫ್ಲೋಯಂ ಅದನ್ನು ಬೇರಿನವರೆಗೂ ಒಯ್ಯುತ್ತದೆ. ಅಂದರೆ ಆಹಾರ ಬೇರಿನಿಂದ ಮೇಲಕ್ಕೆ ಬರುವುದಿಲ್ಲ, ಎಲೆಯಿಂದ ಬೇರಿಗೇ ಹೋಗುತ್ತದೆ. ಹಾಗೆಂದು ಖನಿಜಗಳನ್ನು ಕಡೆಗಣಿಸಬೇಡಿ. ಅವು ಅಲ್ಪವಾದರೂ ಅನಿವಾರ್ಯ.

ಬೇರು ಹೀರಿದ ನೀರು ಮೇಲಕ್ಕೇರುವ ಬಗೆಯನ್ನೂ ತೋರಿಸಬಹುದು: ಎಲೆಗಳಿರುವ ರೆಂಬೆಗೆ ಬಿಸಿಲಿನಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೆ ಹನಿ ಕಟ್ಟುತ್ತದೆ. ಹೀಗೆ ಎಲೆಯಿಂದ ಆವಿ ಹೊರಹೋಗುವುದೇ ನೀರು ಸಾಗಿಸುವ ಅಂಗಾಂಶವಾದ ಕ್ಸೈಲಂನಲ್ಲಿರುವ ನೀರನ್ನು ಮೇಲಕ್ಕೆ ಎಳೆಯುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಗೆಣ್ಣಿನ ಉಪಾಯ ಚೆನ್ನಾಗಿದೆ. ಆದರೆ ಈರುಳ್ಳಿಯಲ್ಲಿ ಗೆಣ್ಣೇ ಕಾಣುವುದಿಲ್ಲವಲ್ಲ, ಅದನ್ನು ಯಾವ ಗುಂಪಿಗೆ ಸೇರಿಸಲಿ?

ಮೊದಲ ಉತ್ತರ ಬರೆದವರು: ಈರುಳ್ಳಿಯನ್ನು ಅಡ್ಡಲಾಗಿ ಹೆಚ್ಚದೆ, ಬುಡದಿಂದ ತುದಿಯವರೆಗೆ ಉದ್ದಕ್ಕೆ ಸೀಳಿ. ಬುಡದಲ್ಲಿರುವ ಗಟ್ಟಿಯಾದ ಚಪ್ಪಟೆ ಬಿಲ್ಲೆಯೇ ಕಾಂಡ. ಗೆಣ್ಣುಗಳು ಅಲ್ಲಿ ಒತ್ತೊತ್ತಾಗಿರುವುದರಿಂದ ಬಿಡಿಬಿಡಿಯಾಗಿ ತೋರುವುದಿಲ್ಲ. ಅದರ ಕೆಳಗೆ ತಂತುಬೇರುಗಳು, ಮೇಲೆ ಆಹಾರ ತುಂಬಿಕೊಂಡ ಎಲೆಬುಡಗಳ ಪದರಗಳು, ನಡುವೆ ಮೊಗ್ಗು. ಆದ್ದರಿಂದ ಅದನ್ನು ಯಾವುದೋ ಒಂದು ಗುಂಪಿಗೆ ತುರುಕುವ ಅಗತ್ಯವಿಲ್ಲ. ಸೀಳುವಾಗ ಬುಡದ ಬಿಲ್ಲೆಯನ್ನು ಮಾತ್ರ ಕತ್ತರಿಸಿ ತೆಗೆಯಬೇಡಿ. ಅದು ಹೋದರೆ ತೋರಿಸಲು ಎಲೆಗಳಷ್ಟೇ ಉಳಿಯುತ್ತವೆ.